ಪಾಸ್‌ವರ್ಡ್ ಬರ್ದಿಡ್ರಿ, ಏನೂ ಆಗಂಗಿಲ್ಲ!

"ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ. ಯಾರಿಗೂ ಹೇಳಬೇಡಿ. ಒಂದೊಂದು ಖಾತೆಗೂ ಬೇರೆ ಬೇರೆ ಇಟ್ಟುಕೊಳ್ಳಿ. ಆಗಾಗ ಬದಲಾಯಿಸುತ್ತಿರಿ."

ಬ್ಯಾಂಕಿನ ಗೋಡೆ ಮೇಲೆ, ಆಫೀಸಿನ ಮೇಲ್‌ನಲ್ಲಿ, ಪೇಪರಿನ ಮೂಲೆಯಲ್ಲಿ, ವಾಟ್ಸಾಪ್ ಫಾರ್ವರ್ಡ್‌ನಲ್ಲಿ ಈ ನಾಲ್ಕು ಸಾಲು ಓದಿ ಓದಿ ನನಗಂತೂ ಸಾಕಾಗಿದೆ. ನಾಲ್ಕನ್ನೂ ಒಟ್ಟಿಗೆ ಪಾಲಿಸೋ ಪುಣ್ಯಾತ್ಮ ಎಲ್ಲಾದರೂ ಇದ್ದರೆ ದಯವಿಟ್ಟು ತೋರಿಸಿ, ಹೋಗಿ ಕಾಲಿಗೆ ಬೀಳ್ತೀನಿ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ಲಾಗಿನ್ ಪುಟಗಳನ್ನೂ ಬರೆದಿದ್ದೀನಿ. ಊರು ಸುರಪುರ. ಎರಡೂ ಕಡೆ ನೋಡಿದ ಮೇಲೆ ನನಗೆ ಅನ್ನಿಸಿರೋದು ಇಷ್ಟು. ಮೇಲಿನ ನಾಲ್ಕರಲ್ಲಿ ಮೊದಲನೆಯದು ಮತ್ತು ಕೊನೆಯದು ಶುದ್ಧ ತಪ್ಪು. ಆ ಎರಡು ತಪ್ಪು ಉಪದೇಶದಿಂದಾಗಿಯೇ ನಡುವಿನ ಎರಡು ಒಳ್ಳೆ ಮಾತನ್ನ ನಮ್ಮ ಜನಕ್ಕೆ ಪಾಲಿಸೋಕೆ ಆಗ್ತಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ.

ನಮ್ಮೂರಿನ ಪಾಸ್‌ವರ್ಡ್‌ಗಳು ಎಲ್ಲಿವೆ?

ಸುರಪುರದ ಬಸ್ ಸ್ಟ್ಯಾಂಡ್ ಸುತ್ತಮುತ್ತ ಒಂದು ರೌಂಡ್ ಹಾಕಿ. ಜೆರಾಕ್ಸ್, ಲ್ಯಾಮಿನೇಶನ್, "ಇಲ್ಲಿ ಎಲ್ಲಾ ತರಹದ ಆನ್‌ಲೈನ್ ಅರ್ಜಿ ಹಾಕಲಾಗುವುದು" ಅಂತ ಬೋರ್ಡು ಇರೋ ಅಂಗಡಿಗಳು ಸಿಗ್ತವೆ. ಶಹಾಪುರದಲ್ಲೂ ಹಂಗೇ, ಯಾದಗಿರಿಯಲ್ಲೂ ಹಂಗೇ. ಹುಡುಗರ ಸ್ಕಾಲರ್‌ಶಿಪ್ಪು, ಸಿಇಟಿ, ಸೇವಾಸಿಂಧು, ಕಟ್ಟಡ ಕಾರ್ಮಿಕರ ಕಾರ್ಡು, ಪಿಎಫ್ ದುಡ್ಡು... ಎಲ್ಲಾ ಈ ಅಂಗಡಿಗಳಲ್ಲೇ ಆಗೋದು. ಹೊಸ ಖಾತೆ ತೆರೆಯುವಾಗ ನಡೆಯೋ ಮಾತುಕತೆ ಎಲ್ಲಾ ಕಡೆ ಒಂದೇ:

"ಕಾಕಾ, ಪಾಸ್‌ವರ್ಡ್ ಏನಿಡ್ಲಿ?"
"ಏನಾರ ಇಡೋ ತಮ್ಮಾ, ನಮಗೇನ್ ತಿಳೀತದ. ನಿನ್ನ ಹತ್ರನೇ ಇರ್ಲಿ."

ತಮ್ಮ ಏನಿಡ್ತಾನೆ? ಕಾಕಾನ ಹೆಸರು, ಒಂದು ಅಟ್ ಗುರುತು, ಆಮೇಲೆ 123. ಮುಂದೆ ಬಂದವರಿಗೂ ಅದೇ, ಅವರ ಹಿಂದೆ ನಿಂತವರಿಗೂ ಅದೇ. ಹೆಸರು ಮಾತ್ರ ಬದಲಾಗುತ್ತೆ, ಬಾಲ ಬದಲಾಗಲ್ಲ. ಇಟ್ಟ ಮೇಲೆ ಒಂದು ಉದ್ದನೆ ರೆಜಿಸ್ಟರಿನಲ್ಲಿ ಬರ್ಕೋತಾನೆ: ಹೆಸರು, ಮೊಬೈಲ್ ನಂಬರ್, ಆಧಾರ್ ನಂಬರ್, ಯೂಸರ್ ಐಡಿ, ಪಾಸ್‌ವರ್ಡ್. ಬರ್ಕೊಳ್ಳದೇ ವಿಧಿಯಿಲ್ಲ. ಮುಂದಿನ ವರ್ಷ ಕಾಕಾ ಮತ್ತೆ ಬಂದು "ಹೋದ ಸಲ ನೀನೇ ಹಾಕಿದ್ದೆಲ್ಲೋ" ಅಂತಾನಲ್ಲ!

ಈ ಹುಡುಗ ಕಳ್ಳ ಅಂತ ನಾನು ಹೇಳ್ತಿಲ್ಲ. ಸರ್ಕಾರದ ಆನ್‌ಲೈನ್ ಯೋಜನೆಗಳು ನಮ್ಮ ಕಡೆ ಜನರಿಗೆ ಮುಟ್ಟಿದ್ದರೆ ಇಂಥ ಹುಡುಗರಿಂದಲೇ ಮುಟ್ಟಿವೆ. ಆದ್ರೆ ಏನಾಯ್ತು ನೋಡಿ. ಬರೆದಿಡಬೇಡಿ ಅಂದ್ರಿ. ಸರಿ ಸ್ವಾಮಿ, ಅವರು ಬರೆದಿಡಲಿಲ್ಲ. ಬೇರೆಯವರು ಬರೆದಿಟ್ಟರು! ಯಾರಿಗೂ ಹೇಳಬೇಡಿ ಅಂದ್ರಿ. ಅವರು ಹೇಳಲೂ ಇಲ್ಲ, ಪಾಪ. ಅವರ ಪಾಸ್‌ವರ್ಡ್ ಏನು ಅಂತ ಅವರಿಗೇ ಗೊತ್ತಿಲ್ಲ!

ಕಳ್ಳ ಹೋಗೋದು ರಾಶಿ ಇರೋ ಕಡೆಗೆ

ಕಣದಲ್ಲಿ ರಾಶಿ ಬಿದ್ದಾಗ ರೈತ ರಾತ್ರಿ ಅಲ್ಲೇ ಮಲಗ್ತಾನೆ. ಕಾಳು ಕದಿಯೋನು ಒಂದೊಂದೇ ತೆನೆ ಮುರಿಯೋಕೆ ಹೊಲಕ್ಕೆ ಬರಲ್ಲ, ರಾಶಿಗೆ ಬರ್ತಾನೆ ಅಂತ ಅವನಿಗೆ ಗೊತ್ತು. ಪಾಸ್‌ವರ್ಡ್ ಕಥೆನೂ ಅಷ್ಟೇ. ಇದರ ಇತಿಹಾಸವನ್ನ ಮೊದಲಿಂದ ನೋಡಿದರೂ ಕಾಣೋದು ಇದೇ.

ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಜೊತೆಯವರು 1960ರ ದಶಕದ ಶುರುವಿನಲ್ಲಿ ಒಂದೇ ಕಂಪ್ಯೂಟರನ್ನ ಹಲವರು ಹಂಚಿಕೊಂಡು ಬಳಸೋ ವ್ಯವಸ್ಥೆ ಮಾಡಿದರು. ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟರು. ಕಂಪ್ಯೂಟರ್ ಪಾಸ್‌ವರ್ಡಿನ ಹುಟ್ಟು ಅಲ್ಲಿಂದ ಅಂತಾರೆ. 1962ರಲ್ಲಿ ಅಲನ್ ಶೆರ್ ಅನ್ನೋ ವಿದ್ಯಾರ್ಥಿಗೆ ತನ್ನ ಪಾಲಿನ ಕಂಪ್ಯೂಟರ್ ಹೊತ್ತು ಸಾಲಲಿಲ್ಲ. ಆತ ಯಾರ ಪಾಸ್‌ವರ್ಡನ್ನೂ ಊಹೆ ಮಾಡಲಿಲ್ಲ, ಯಾರ ಡೈರಿಯನ್ನೂ ಇಣುಕಲಿಲ್ಲ. ಎಲ್ಲರ ಪಾಸ್‌ವರ್ಡ್ ಇದ್ದ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡ! ಮೊಟ್ಟ ಮೊದಲ ಪಾಸ್‌ವರ್ಡ್ ಕಳವು ಆಗಿದ್ದೇ ರಾಶಿಯಿಂದ.

2009ರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ ಮೂರು ಕೋಟಿ ಇಪ್ಪತ್ತು ಲಕ್ಷ ಪಾಸ್‌ವರ್ಡ್ ಹೊರಗೆ ಬಿದ್ದವು. ಕಂಪನಿ ಅವನ್ನ ಗೂಢಲಿಪಿ ಮಾಡದೆ ಹಾಗೇ ಇಟ್ಟಿತ್ತು. ಆ ಪಟ್ಟಿಯಲ್ಲಿ ಅತಿ ಹೆಚ್ಚು ಜನ ಬಳಸಿದ್ದ ಪಾಸ್‌ವರ್ಡ್ 123456. 2012ರಲ್ಲಿ ಲಿಂಕ್ಡ್‌ಇನ್‌ಗೂ ಕನ್ನ ಬಿತ್ತು. ಹೀಗೆ ಸೋರಿದ ಪಟ್ಟಿಗಳನ್ನ ಇಟ್ಟುಕೊಂಡು, ಅದೇ ಮೇಲ್ ಐಡಿ, ಅದೇ ಪಾಸ್‌ವರ್ಡ್ ಬೇರೆ ನೂರು ಸೈಟುಗಳಲ್ಲಿ ತೆರೆಯುತ್ತಾ ಅಂತ ನೋಡೋದೇ ಕಳ್ಳರಿಗೆ ಕಸುಬು. ಅದಕ್ಕೇ "ಬೇರೆ ಬೇರೆ ಇಡಿ" ಅನ್ನೋದು ನಿಜವಾಗಿ ಒಳ್ಳೆ ಮಾತು.

ಅಮೆರಿಕ ಬಿಡಿ, ಕರ್ನಾಟಕದ್ದೇ ಹೇಳ್ತೀನಿ. 2024ರ ಇಂಜಿನಿಯರಿಂಗ್ ಸೀಟು ಹಂಚಿಕೆಯಲ್ಲಿ, ಬೇಡಿಕೆ ಇರೋ ಸೀಟು ಸಿಕ್ಕಿದ್ದರೂ ಕಾಲೇಜಿಗೆ ಸೇರದೆ ಬಿಟ್ಟವರನ್ನ ನೋಡಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ, ಅಂದ್ರೆ ಕೆಇಎಗೆ, ಅನುಮಾನ ಬಂತು. ನೋಡಿದರೆ ಒಂದೇ ಐಪಿ ವಿಳಾಸದಿಂದ ಹಲವು ವಿದ್ಯಾರ್ಥಿಗಳ ಆಪ್ಷನ್ ಎಂಟ್ರಿ ಆಗಿತ್ತು. ನವೆಂಬರ್‌ನಲ್ಲಿ ಮಲ್ಲೇಶ್ವರಂ ಪೊಲೀಸರಿಗೆ ದೂರು ಹೋಯಿತು. ಡಿಸೆಂಬರ್‌ನಲ್ಲಿ ಹತ್ತು ಜನರ ಬಂಧನವಾಯಿತು. ಅವರಲ್ಲಿ ಕೆಇಎ ಒಳಗೇ ಕೆಲಸಕ್ಕಿದ್ದವನೂ ಒಬ್ಬ. ಸೀಟಿನಲ್ಲಿ ಆಸಕ್ತಿ ಇಲ್ಲದ ವಿದ್ಯಾರ್ಥಿಗಳ ಲಾಗಿನ್, ಪಾಸ್‌ವರ್ಡ್ ಸಂಪಾದಿಸಿ, ಅವರ ಹೆಸರಲ್ಲಿ ಒಳ್ಳೆ ಸೀಟುಗಳನ್ನ ಹಿಡಿದಿಟ್ಟು, ಕೊನೆಗೆ ಖಾಲಿ ಬಿಡಿಸಿದರು ಅನ್ನೋದು ಆರೋಪ. ಹಾಗೆ ಖಾಲಿ ಉಳಿದ ಸೀಟನ್ನ ಕಾಲೇಜು ತುಂಬಿಕೊಳ್ಳಬಹುದು, ದುಡ್ಡಿದ್ದವನಿಗೆ ಕೊಡಬಹುದು. ತೀರ್ಪು ಕೊಡೋದು ಕೋರ್ಟಿನ ಕೆಲಸ, ನನ್ನದಲ್ಲ. ಆದ್ರೆ ಯೋಚಿಸಿ, ಈ ಆಟದಲ್ಲಿ ಸೋತೋರು ಯಾರು? ಮೆರಿಟ್ ಪಟ್ಟಿಯಲ್ಲಿ ಮುಂದಿನ ನಂಬರಿನಲ್ಲಿ ಕಾಯ್ತಾ ಕೂತಿದ್ದ ಹುಡುಗ, ಹುಡುಗಿ.

ನಮ್ಮ ಭಾಗಕ್ಕೆ 371 ಜೆ ಬರೋಕೆ ಎಷ್ಟು ವರ್ಷದ ಹೋರಾಟ ಬೇಕಾಯಿತು ಅಂತ ಬೇರೆ ಹೇಳಬೇಕಾಗಿಲ್ಲ. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಯಿತು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆ ಶೇ. 8 ಸೀಟು ನಮ್ಮ ಮಕ್ಕಳಿಗೆ. ಇಷ್ಟೆಲ್ಲ ಆದ ಮೇಲೆ ಆ ಸೀಟಿನ ಬೀಗದ ಕೈ ಎಲ್ಲಿದೆ? ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ರೆಜಿಸ್ಟರಿನಲ್ಲಿ, ಹೆಸರಿನ ಮುಂದೆ 123 ಹಚ್ಚಿಕೊಂಡು ಬಿದ್ದಿದೆ. ಆ ರೆಜಿಸ್ಟರಿನಿಂದ ಏನೋ ಆಯಿತು ಅಂತ ಹೇಳ್ತಿಲ್ಲ. ಆಗೋಕೆ ಒಬ್ಬ ಕೆಟ್ಟ ಮನುಷ್ಯ, ಒಂದು ಮೊಬೈಲ್ ಫೋಟೋ ಸಾಕು ಅಂತ ಹೇಳ್ತಿದೀನಿ.

ಕ್ಯಾಪಿಟಲ್ ಲೆಟರ್ ಅಂದ್ರೆ ಯಾವ ಅಕ್ಷರ?

ಜನ ಯಾಕೆ "ನೀನೇ ಏನಾರ ಇಡು" ಅಂತಾರೆ? ದಡ್ಡರು ಅಂತಾನಾ? ಒಂದು ಪಾಸ್‌ವರ್ಡ್ ಪುಟ ತೆಗೆದು ನೋಡಿ. ಕನಿಷ್ಠ ಒಂದು ದೊಡ್ಡ ಅಕ್ಷರ, ಒಂದು ಸಣ್ಣ ಅಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರಬೇಕಂತೆ. ನಮ್ಮ ಕನ್ನಡ ಲಿಪಿಯಲ್ಲಿ ದೊಡ್ಡ ಅ, ಸಣ್ಣ ಅ ಅಂತ ಇದೆಯೇನ್ರೀ? ಹಂಗಿದ್ದ ಮೇಲೆ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಓದಿ ಗದ್ದೆ ಮಾಡ್ಕೊಂಡಿರೋ ಮನುಷ್ಯನಿಗೆ ತನ್ನದೇ ಖಾತೆಯ ಬಾಗಿಲು ತೆರೆಯೋಕೆ ಇಂಗ್ಲಿಷಿನ ದೊಡ್ಡ ಅಕ್ಷರ ಯಾಕೆ ಬೇಕು?

ಕನ್ನಡದಲ್ಲೇ ಪಾಸ್‌ವರ್ಡ್ ಇಡೋಣ ಅಂದ್ರೆ ಹೆಚ್ಚಿನ ಸೈಟುಗಳು ಒಪ್ಪಲ್ಲ. ಇದಕ್ಕೊಂದು ತಾಂತ್ರಿಕ ತೊಡಕು ಇರೋದು ನಿಜ. "ಕೊ" ಅನ್ನೋದನ್ನ ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಕೂಡಿಸಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆದ್ರೆ ಎರಡನ್ನೂ ಒಂದೇ ರೂಪಕ್ಕೆ ತರೋ ವಿಧಾನ ಎಷ್ಟೋ ವರ್ಷದಿಂದ ಇದೆ, ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಕೆಲಸ. ಮಾಡೋ ಮನಸ್ಸಿಲ್ಲ, ಅಷ್ಟೇ.

ಇಷ್ಟಕ್ಕೂ ಈ ದೊಡ್ಡಕ್ಷರ, ಚಿಹ್ನೆಯ ಶಾಸ್ತ್ರ ಎಲ್ಲಿಂದ ಬಂತು ಗೊತ್ತಾ? 2003ರಲ್ಲಿ ಅಮೆರಿಕದ ನಿಸ್ಟ್ ಅನ್ನೋ ಸರ್ಕಾರಿ ಮಾನಕ ಸಂಸ್ಥೆಯಲ್ಲಿದ್ದ ಬಿಲ್ ಬರ್ ಒಂದು ಮಾರ್ಗಸೂಚಿ ಬರೆದರು. ದೊಡ್ಡ ದೊಡ್ಡ ಕಂಪನಿ, ಬ್ಯಾಂಕು, ಸರ್ಕಾರಗಳು ಅದನ್ನ ವೇದ ಅಂತ ಹಿಡ್ಕೊಂಡವು. 2017ರಲ್ಲಿ ನಿವೃತ್ತರಾಗಿದ್ದ ಬರ್ ಸಾಹೇಬರೇ ಪತ್ರಿಕೆಯೊಂದಕ್ಕೆ, ತಾವು ಹೇಳಿದ್ದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪ ಇದೆ ಅಂದರು. ಅದೇ ವರ್ಷ ನಿಸ್ಟ್ ಕೂಡ ತನ್ನ ಮಾತು ತಿರುಗಿಸಿತು: ಇಷ್ಟು ದಿನಕ್ಕೊಮ್ಮೆ ಬದಲಾಯಿಸಿ ಅಂತ ಒತ್ತಾಯ ಮಾಡಬೇಡಿ, ಚಿಹ್ನೆ-ಗಿಹ್ನೆ ಕೇಳಬೇಡಿ, ಉದ್ದ ಇರಲಿ, ಸೋರಿದ ಪಟ್ಟಿಯಲ್ಲಿ ಇರೋ ಪಾಸ್‌ವರ್ಡ್ ಆದ್ರೆ ಬೇಡ ಅನ್ನಿ, ಪೇಸ್ಟ್ ಮಾಡೋಕೆ ಬಿಡಿ, ಯೂನಿಕೋಡ್ ಅಕ್ಷರ ಒಪ್ಪಿಕೊಳ್ಳಿ. 2025ರ ಹೊಸ ಆವೃತ್ತಿಯಲ್ಲಿ ಚಿಹ್ನೆ ಕೇಳೋದನ್ನ ಮತ್ತೂ ಖಡಕ್ಕಾಗಿ ಬೇಡ ಅಂದಿದೆ. ಶಾಸ್ತ್ರ ಬರೆದವರೇ ಹರಿದು ಎಸೆದ ಮೇಲೂ ನಮ್ಮವರು ಅದೇ ಮಂತ್ರ ಹೇಳ್ತಾ ಕೂತಿದಾರೆ!

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕಿತ್ತು. ಇಡೀ ಟೀಮಿನವರು ಏನ್ಮಾಡ್ತಿದ್ರು ಅಂತೀರಿ? ಹಳೇ ಪಾಸ್‌ವರ್ಡಿನ ಕೊನೆಗೆ 1 ಇದ್ದದ್ದು 2 ಆಗ್ತಿತ್ತು, 2 ಇದ್ದದ್ದು 3 ಆಗ್ತಿತ್ತು. ಎಲ್ಲರೂ ಇಂಜಿನಿಯರುಗಳೇ ಮತ್ತೆ! :) ಇಂಜಿನಿಯರ್ ಕೈಲಿ ಆಗದ್ದನ್ನ ಹುಣಸಗಿಯ ರೈತನ ಕೈಲಿ, ಕೆಂಭಾವಿಯ ಅಂಗನವಾಡಿ ಅಕ್ಕನ ಕೈಲಿ ಮಾಡಿಸ್ತೀವಿ ಅಂದ್ರೆ ಆಗುತ್ತಾ?

ಇನ್ನು ಹೆಸರು ಮತ್ತು 123ರ ಲೆಕ್ಕ. ನಮ್ಮ ಕಡೆ ಹತ್ತು ಸಾವಿರ ಹೆಸರು ಇವೆ ಅನ್ನಿ, ಜನ ಹಚ್ಚೋ ಬಾಲಗಳು ನೂರು ಅನ್ನಿ. ಒಟ್ಟು ಹತ್ತು ಲಕ್ಷ. ಸರಿಯಾಗಿ ಕಾಪಾಡದೆ ಇಟ್ಟ ಪಟ್ಟಿ ಕೈಗೆ ಸಿಕ್ಕರೆ ಮಾಮೂಲಿ ಕಂಪ್ಯೂಟರ್ ಕಣ್ಣು ಮಿಟುಕಿಸೋದ್ರೊಳಗೆ ಅಷ್ಟನ್ನೂ ಹಾಕಿ ನೋಡುತ್ತೆ. ತಮಾಷೆ ಅಂದ್ರೆ ಹೆಸರಿನ ಮೊದಲಕ್ಷರ ದೊಡ್ಡದಿದ್ದರೆ ಈ ಪಾಸ್‌ವರ್ಡ್ ಎಲ್ಲಾ ನಿಯಮದಲ್ಲೂ ಪಾಸ್! ಪುಟದ ಪಕ್ಕ ಹಸಿರು ಬಣ್ಣದಲ್ಲಿ "ಬಲವಾಗಿದೆ" ಅಂತ ಬೇರೆ ತೋರಿಸುತ್ತೆ.

"ಪುಸ್ತಕ ಕಳ್ಳತನ ಆದ್ರೆ?"

ಬರೆದಿಡಿ ಅಂದ ತಕ್ಷಣ ಬರೋ ಮೊದಲ ಪ್ರಶ್ನೆ ಇದು. ಉತ್ತರ: ಯಾವುದೋ ದೇಶದಲ್ಲಿ ಕೂತು ಪಾಸ್‌ವರ್ಡ್ ಕದಿಯೋನಿಗೆ ನಿಮ್ಮ ಮನೆಯ ಟ್ರಂಕು ಕಾಣಲ್ಲ. ನಿಮ್ಮ ನೋಟ್‌ಬುಕ್ಕಿಗೋಸ್ಕರ ಅವನು ಟಿಕೆಟ್ ಮಾಡಿಸಿ, ಯಾದಗಿರಿಯಲ್ಲಿ ಇಳಿದು, ಬಸ್ ಹಿಡಿದು, ಸುರಪುರದ ಗುಡ್ಡ ಹತ್ತಿ ಬರಲ್ಲ. ಮನೆಗೆ ನುಗ್ಗೋ ಸಾದಾ ಕಳ್ಳನಿಗೆ ಬೇಕಾಗಿರೋದು ಬಂಗಾರ, ರೊಕ್ಕ. ಒಂದು ವೇಳೆ ಪುಸ್ತಕ ಹೋದರೂ ಹೋಗಿದೆ ಅಂತ ನಿಮಗೆ ಅವತ್ತೇ ಗೊತ್ತಾಗುತ್ತೆ. ಸರ್ವರಿನಿಂದ ಸೋರಿದ್ದು ಗೊತ್ತಾಗೋಕೆ ಕೆಲವೊಮ್ಮೆ ವರ್ಷಗಳೇ ಬೇಕು. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಹೋದ ಪಾಸ್‌ವರ್ಡ್‌ಗಳ ನಿಜವಾದ ಲೆಕ್ಕ ಹತ್ತಾರು ಕೋಟಿ ಅಂತ ಹೊರಬಿದ್ದಿದ್ದು 2016ರಲ್ಲಿ.

ಇದು ನನ್ನೊಬ್ಬನ ಹುಚ್ಚು ಮಾತಲ್ಲ. ಭದ್ರತಾ ತಜ್ಞ ಬ್ರೂಸ್ ಶ್ನಾಯರ್ 2005ರಲ್ಲೇ, ಪಾಸ್‌ವರ್ಡನ್ನ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಕೊಳ್ಳಿ, ಸಣ್ಣ ಕಾಗದಗಳನ್ನ ಕಾಯೋದು ನಮಗೆಲ್ಲ ಚೆನ್ನಾಗಿ ಬರುತ್ತೆ ಅನ್ನೋ ಅರ್ಥದ ಮಾತು ಬರೆದಿದ್ದರು. ನಮ್ಮ ಜನಕ್ಕಂತೂ ಕಾಗದ ಕಾಯೋದನ್ನ ಯಾರೂ ಕಲಿಸಬೇಕಾಗಿಲ್ಲ. ನಿಜಾಮನ ಕಾಲದ ಉರ್ದು ಕಾಗದಗಳನ್ನ, ಓದೋಕೆ ಬರದಿದ್ದರೂ, ಟ್ರಂಕಿನ ತಳದಲ್ಲಿ ಅರಿವೆ ಸುತ್ತಿ ಇಟ್ಟಿರೋ ಮನೆಗಳಿವೆ. ಹೊಲದ ಖರೀದಿ ಪತ್ರ ಮೂರು ತಲೆಮಾರು ಕಾಯೋ ಮನೆತನ ಒಂದು ನೂರು ಪುಟದ ನೋಟ್‌ಬುಕ್ ಕಾಯಲಾರದಾ?

"ಪಾಸ್‌ವರ್ಡ್ ಮ್ಯಾನೇಜರ್ ಬಳಸಬಹುದಲ್ಲ?" ಅಂತ ನನ್ನ ಸಹೋದ್ಯೋಗಿಗಳು ಕೇಳ್ತಾರೆ. ಬಳಸಿ, ಖಂಡಿತ ಬಳಸಿ. ಕೀಪಾಸ್, ಬಿಟ್‌ವಾರ್ಡನ್ ಥರದವು ಪುಕ್ಕಟೆ ಸಿಗ್ತವೆ, ನಾನೂ ಬಳಸ್ತೀನಿ. ಆದ್ರೆ ಅವೂ ಒಂಥರ ರಾಶಿನೇ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಗೂಢಲಿಪಿಯ ತಿಜೋರಿಗಳೇ ಕಳುವಾದವು. ತಿಜೋರಿಯ ಮುಖ್ಯ ಪಾಸ್‌ವರ್ಡ್ ಗಟ್ಟಿ ಇದ್ದವರು ಧೈರ್ಯವಾಗಿ ಇರಬಹುದು, ಸಡಿಲ ಇದ್ದವರು ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯ ಐದು ಜನರ ನಡುವೆ ಒಂದೇ ಮೊಬೈಲ್, ಅದರ ಗಾಜೂ ಒಡೆದಿದೆ ಅನ್ನೋ ಕಡೆ ಮ್ಯಾನೇಜರ್ ಕಥೆ ಹೇಳೋದು, ಚಪ್ಪಲಿ ಇಲ್ಲದವನಿಗೆ ಕಾರಿನ ಸೀಟ್‌ಬೆಲ್ಟ್ ಬಗ್ಗೆ ಹೇಳಿದಂಗೆ.

"ಮರೆತರೆ ಓಟಿಪಿ ಬರುತ್ತಲ್ಲ?" ಎಲ್ಲಿಗೆ ಬರುತ್ತೆ ಸ್ವಾಮಿ? ನಮ್ಮ ಕಡೆಯಿಂದ ಸಾವಿರಾರು ಜನ ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗ್ತಾರೆ. ಅಲ್ಲಿ ಹೊಸ ಸಿಮ್ಮು. ಹಳೇ ನಂಬರು ತೊಂಬತ್ತು ದಿನ ಬಳಸದೇ ಬಿದ್ದರೆ ಬಂದ್ ಆಗುತ್ತೆ, ಆಮೇಲೆ ಬೇರೆ ಯಾರಿಗೋ ಹೋಗುತ್ತೆ. ನಿಮ್ಮ ಖಾತೆಯ ಓಟಿಪಿಯೂ ಅವರಿಗೇ! ಅರ್ಜಿ ಹಾಕುವಾಗ ಮನೆಯಲ್ಲಿ ಫೋನ್ ಇಲ್ಲ ಅಂತ ಪಕ್ಕದ ಮನೆಯವರ ನಂಬರ್ ಕೊಟ್ಟವರ ಗತಿ ಹೇಳೋದೇ ಬೇಡ.

"ಹಂಗಿದ್ರೆ ಬೆರಳಚ್ಚೇ ಒಳ್ಳೇದು, ಮರೆಯೋ ಪ್ರಶ್ನೆಯೇ ಇಲ್ಲ." 2023ರಲ್ಲಿ ಬೆಂಗಳೂರಿನಲ್ಲಿ ಏನಾಯ್ತು ನೆನಪಿದೆಯಾ? ಆಸ್ತಿ ನೋಂದಣಿಯ ಕಾಗದಗಳಲ್ಲಿದ್ದ ಬೆರಳಚ್ಚನ್ನ ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯೋ ವ್ಯವಸ್ಥೆಯಲ್ಲಿ ಜನರ ಖಾತೆಯಿಂದ ದುಡ್ಡು ಎಳೆದರು. ಅದೂ ಮತ್ತೆ ರಾಶಿಯಿಂದಲೇ. ಪಾಸ್‌ವರ್ಡ್ ಹೋದರೆ ಹೊಸದು ಇಡಬಹುದು. ಹೆಬ್ಬೆರಳು ಹೋದರೆ ಹೊಸ ಹೆಬ್ಬೆರಳು ಎಲ್ಲಿಂದ ತರ್ತೀರಿ?

ಸರಿ, ಏನ್ ಮಾಡಬೇಕು?

1. ಮನೆಗೊಂದು ನೋಟ್‌ಬುಕ್ ಇಡಿ. ರೇಷನ್ ಕಾರ್ಡ್, ಹೊಲದ ಕಾಗದ ಇರೋ ಜಾಗದಲ್ಲೇ ಇಡಿ. ಖಾತೆಗೊಂದು ಪುಟ: ಸೈಟಿನ ಹೆಸರು, ಯೂಸರ್ ಐಡಿ, ಪಾಸ್‌ವರ್ಡ್, ಯಾವ ಮೊಬೈಲ್ ನಂಬರ್ ಕೊಟ್ಟಿದ್ದೀವಿ, ಯಾವ ತಾರೀಕು. ಅಂಗಡಿಗೆ ಒಯ್ಯುವಾಗ ಇಡೀ ಪುಸ್ತಕ ಬೇಡ, ಬೇಕಾದ ಒಂದನ್ನ ಚೀಟಿಯಲ್ಲಿ ಬರ್ಕೊಂಡು ಹೋಗಿ, ವಾಪಸ್ ಬಂದು ಹರಿದು ಹಾಕಿ. ಬುಕ್ಕಿನ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರೆ ಇಷ್ಟು ಹೇಳಿದ್ದೆಲ್ಲ ಹೊಳೆಗೆ ಹಾಕಿದಂಗೆ.

2. ಪಾಸ್‌ವರ್ಡ್ ತಲೆಯಿಂದ ಹುಟ್ಟಿಸಬೇಡಿ. ಮಕ್ಕಳ ಹಳೇ ಕನ್ನಡ ಪಠ್ಯಪುಸ್ತಕ ತಗೊಳ್ಳಿ. ಕಣ್ಣು ಮುಚ್ಚಿ ಪುಟ ತೆಗೆದು ಬೆರಳಿಡಿ, ಸಿಕ್ಕ ಪದ ಬರ್ಕೊಳ್ಳಿ. ಹೀಗೆ ನಾಲ್ಕು ಸಲ. "ಕುಂಬಾರ ಹಡಗು ಮೆಣಸು ಪತ್ರ" ಅಂತ ಏನೋ ಬರುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಸೈಟು ಹಟ ಮಾಡಿದರೆ ಮೊದಲಕ್ಷರ ದೊಡ್ಡದು, ಕೊನೆಗೊಂದು ಅಂಕಿ, ಒಂದು ಚಿಹ್ನೆ ಹಚ್ಚಿ ಅದರ ಬಾಯಿ ಮುಚ್ಚಿಸಿ. ಎರಡು ಸಾವಿರ ಪದಗಳಿಂದ ಹೀಗೆ ನಾಲ್ಕು ಎತ್ತಿದರೆ ಹದಿನಾರು ಲಕ್ಷ ಕೋಟಿ ಜೋಡಣೆ ಆಗುತ್ತೆ. ಹೆಸರು ಮತ್ತು 123ರ ಹತ್ತು ಲಕ್ಷ ಎಲ್ಲಿ, ಇದೆಲ್ಲಿ! ಆದ್ರೆ ಗಾದೆ, ವಚನ, ಸಿನಿಮಾ ಹಾಡಿನ ಸಾಲು ಬೇಡ. ಅವು ಎಲ್ಲರಿಗೂ ಗೊತ್ತಿರೋವು.

3. ಇಮೇಲ್ ಮತ್ತು ಬ್ಯಾಂಕಿನದನ್ನ ಮಾತ್ರ ಪೂರ್ತಿ ಬರೆಯಬೇಡಿ. ಕೊನೆಯ ನಾಲ್ಕು ಅಕ್ಷರ ತಲೆಯಲ್ಲಿ ಇರಲಿ, ಉಳಿದದ್ದು ಪುಸ್ತಕದಲ್ಲಿರಲಿ. ಇಮೇಲ್ ಹೋದರೆ ಎಲ್ಲಾ ಹೋದಂಗೆ, ಯಾಕಂದ್ರೆ ಬೇರೆ ಎಷ್ಟೋ ಖಾತೆಗಳ ಹೊಸ ಪಾಸ್‌ವರ್ಡ್ ಕೊಂಡಿ ಬರೋದು ಅಲ್ಲಿಗೇ. ಎಟಿಎಂ ಪಿನ್, ಯುಪಿಐ ಪಿನ್ ಪುಸ್ತಕಕ್ಕೆ ಬೇಡ. ನಾಲ್ಕಾರು ಅಂಕಿ ನೆನಪಿರ್ತವೆ.

4. ಅಂಗಡಿಯಲ್ಲಿ ಹಳೇ ಪಾಸ್‌ವರ್ಡ್ ಇದ್ದರೆ ಈ ವಾರವೇ ಹೋಗಿ ಬದಲಾಯಿಸಿಕೊಳ್ಳಿ. ಮುಖ್ಯವಾಗಿ ಪಿಯುಸಿ ಮುಗಿಸಿ ಸಿಇಟಿ ಬರೆಯೋ ಮಕ್ಕಳು. ಅಂಗಡಿ ಹುಡುಗನಿಗೆ ಬೇಜಾರಾಗಲ್ಲ, ಅವನಿಗೂ ಒಂದು ಭಾರ ಇಳಿಯುತ್ತೆ. ನಾಳೆ ಏನಾದರೂ ಎಡವಟ್ಟಾದರೆ ಪೊಲೀಸರು ಮೊದಲು ಕೂರಿಸೋದು ಅವನನ್ನೇ.

5. ದುಡ್ಡು ಹೋಯಿತು ಅಂದ ಕೂಡಲೇ 1930ಕ್ಕೆ ಫೋನ್ ಮಾಡಿ. ಊರ ತುಂಬಾ ಕೇಳ್ಕೊಂಡು ಮರುದಿನ ಮಾಡೋದಲ್ಲ, ತಕ್ಷಣ.

ಕೊನೆಗೆ ನನ್ನ ಕಸುಬಿನವರಿಗೆ ಎರಡು ಮಾತು. ನಾವು ಲಾಗಿನ್ ಪುಟ ಬರೆಯುವಾಗ ನಮ್ಮಂಥವರನ್ನೇ ಕಣ್ಣ ಮುಂದೆ ಇಟ್ಕೊಂಡು ಬರೀತೀವಿ: ಸ್ವಂತ ಲ್ಯಾಪ್‌ಟಾಪ್, ಸ್ವಂತ ಫೋನ್, ಹತ್ತು ವರ್ಷದಿಂದ ಬದಲಾಗದ ನಂಬರ್. ಅಂಥವರು ಸುರಪುರದಲ್ಲಿ ಎಷ್ಟು ಜನ ಇದಾರೆ? ನಿಯಮದ ಪಟ್ಟಿ ಉದ್ದ ಮಾಡಿದಷ್ಟೂ ಜನ ಖಾತೆಯಿಂದ ದೂರ ಹೋಗ್ತಾರೆ, ಅಂಗಡಿಯ ರೆಜಿಸ್ಟರು ದಪ್ಪ ಆಗುತ್ತೆ. ಹೊಸ ಖಾತೆ ತೆರೆದ ಮೇಲೆ "ಇದನ್ನು ನಿಮ್ಮ ಕೈಯಾರೆ ಬರೆದುಕೊಂಡು ಮನೆಯಲ್ಲಿ ಜೋಪಾನವಾಗಿಡಿ" ಅಂತ ಕನ್ನಡದಲ್ಲಿ ಒಂದು ಸಾಲು ಹಾಕೋಕೆ ಸರ್ಕಾರದ ಸೈಟುಗಳಿಗೆ ಎಷ್ಟು ಖರ್ಚಾಗುತ್ತೆ?

ಓದು ಬಾರದ ಕಾಕಾಗಳ ವಿಷಯ ಏನು ಅಂತ ಕೇಳಬಹುದು. ಅವರ ಮನೆಯಲ್ಲಿ ಶಾಲೆಗೆ ಹೋಗೋ ಮೊಮ್ಮಗಳು ಇರ್ತಾಳೆ. ಅವಳು ಬರೀತಾಳೆ. ಅಂಗಡಿಯವನು "ಪಾಸ್‌ವರ್ಡ್ ಏನಿಡ್ಲಿ" ಅಂದಾಗ ಅವಳೇ ಚೀಟಿ ತೆಗೆದು ಕೊಡಲಿ.

ನಾನು ಹೇಳಿದ್ದರಲ್ಲಿ ತಕರಾರು ಇದ್ದೇ ಇರುತ್ತೆ, ಭದ್ರತೆ ಓದಿಕೊಂಡವರು ಕೋಲು ಹಿಡ್ಕೊಂಡು ಬರ್ತಾರೆ ಅಂತಲೂ ಗೊತ್ತು. ಬನ್ನಿ, ಜಗಳ ಆಡೋಣ. ಆದ್ರೆ ಬರೋ ಮುಂಚೆ ನಿಮ್ಮ ಅಪ್ಪ ಅಮ್ಮನ ಪಾಸ್‌ವರ್ಡ್ ಈಗ ಯಾರ ಹತ್ರ ಇದೆ ಅಂತ ಒಂದು ಸಲ ಮನೆಗೆ ಫೋನ್ ಮಾಡಿ ಕೇಳ್ಕೊಂಡು ಬನ್ನಿ.

ನೀವೇನಂತೀರಿ?